ಮುಖವಾಡದ ಮಷೀನು ಕೆಟ್ಟ ಮೇಲೆ

‘ಮಿಷನ್ ಇಂಪಾಸಿಬಲ್’ ಸಿನಿಮಾಗಳಲ್ಲಿ ಮುಖವಾಡ ಮಾಡುವ ಮಷೀನು ಎರಡು ಸಲ ಕೈಕೊಡುತ್ತದೆ.

ಮೊದಲ ಸಲ 2011ರ ‘ಘೋಸ್ಟ್ ಪ್ರೋಟೋಕಾಲ್’ನಲ್ಲಿ. ದುಬೈನ ಬುರ್ಜ್ ಖಲೀಫಾ. ಮಾಲು ಮಾರುವವಳು ಒಂದು ಮಹಡಿಯಲ್ಲಿ, ಕೊಳ್ಳುವವನು ಇನ್ನೊಂದು ಮಹಡಿಯಲ್ಲಿ. ಅವರಿಬ್ಬರೂ ಭೇಟಿಯಾಗದ ಹಾಗೆ ತಡೆದು, ಅವಳ ಮುಖ ಹಾಕಿಕೊಂಡು ಅವನಿಗೂ, ಅವನ ಮುಖ ಹಾಕಿಕೊಂಡು ಅವಳಿಗೂ ಚಳ್ಳೆಹಣ್ಣು ತಿನ್ನಿಸಬೇಕು ಅನ್ನುವುದು ಪ್ಲಾನು. ಬೇಕಾದ ಹೊತ್ತಿಗೇ ಮಷೀನು ಕೆಟ್ಟು ಕೂರುತ್ತದೆ. ಸರಿ, ಬರೀ ಮುಖದಲ್ಲೇ ಹೋಗುತ್ತಾರೆ. ಎರಡನೇ ಸಲ 2023ರ ‘ಡೆಡ್ ರೆಕನಿಂಗ್’ನಲ್ಲಿ. ಒಂದು ಮುಖವಾಡ ಹೊರಬರುತ್ತದೆ, ಅಷ್ಟಕ್ಕೇ ಮಷೀನಿನ ಕಥೆ ಮುಗಿಯುತ್ತದೆ. ಇನ್ನೊಂದು ಮುಖವಾಡ ಇಲ್ಲ. ಹಾಗಾಗಿ ನಾಯಕ ಈಥನ್ ಹಂಟ್ ಓಡುವ ರೈಲಿಗೆ ಬೇರೆ ದಾರಿಯಿಂದ ಹತ್ತಬೇಕು. ಬೇರೆ ದಾರಿ ಅಂದ್ರೆ ಬೈಕಿನ ಸಮೇತ ಬೆಟ್ಟದ ತುದಿಯಿಂದ ಹಾರುವುದು.

ಮಷೀನನ್ನು ಕೆಡಿಸಿದ್ದು ಕಥೆ ಬರೆದವರು. ಅದು ನೆಟ್ಟಗೆ ಕೆಲಸ ಮಾಡಿದ್ದರೆ ಈಥನ್ ಪಾತ್ರದ ಟಾಮ್ ಕ್ರೂಸ್ ಹಾರುವ ಅಗತ್ಯವೇ ಬೀಳುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಒಂದು ಸ್ಕ್ರಿಪ್ಟ್ ಜಾಣತನ ಅಂತ ಬಿಟ್ಟುಬಿಡಬಹುದಿತ್ತು. ಆದರೆ 1966ರಲ್ಲಿ ಟಿವಿಯಲ್ಲಿ ಶುರುವಾಗಿ, ನಡುವೆ ವಿಡಿಯೋ ಗೇಮ್‌ಗಳಲ್ಲೂ ಸುತ್ತಾಡಿ, 2025ರಲ್ಲಿ ಎಂಟನೇ ಸಿನಿಮಾಕ್ಕೆ ಬಂದು ನಿಂತ ಈ ಸರಣಿಯನ್ನು ಹಿಂದಿನಿಂದ ನೋಡುತ್ತಾ ಬಂದರೆ ಬೇರೆ ಏನೋ ಕಾಣುತ್ತದೆ. ಇದು ಹುಟ್ಟಿದ್ದು ಮುಖ ಮುಚ್ಚಿಕೊಂಡು ಯಾಮಾರಿಸುವವರ ಕಥೆಯಾಗಿ. ಈಗ ಇದು ಮುಖ ತೋರಿಸಿಕೊಂಡು ‘ನೋಡಿ, ಇದರಲ್ಲಿ ಮೋಸ ಇಲ್ಲ’ ಅಂತ ಆಣೆ ಮಾಡುವವನ ಕಥೆ.

ಮೊದಲು ಟಿವಿ. ಬ್ರೂಸ್ ಗೆಲ್ಲರ್ ಅನ್ನುವವರು ಇದನ್ನು ಹುಟ್ಟಿಸಿದರು. 1966ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಶುರುವಾಗಿ 1973ರ ಮಾರ್ಚ್‌ವರೆಗೆ ಏಳು ಸೀಸನ್, 171 ಕಂತು ನಡೆಯಿತು. ತಯಾರಾಗುತ್ತಿದ್ದದ್ದು ಹಾಸ್ಯ ನಟಿ ಲೂಸಿಲ್ ಬಾಲ್ ಅವರ ಡೆಸಿಲು ಸ್ಟುಡಿಯೋದಲ್ಲಿ. ಅದೇ ಕಾಂಪೌಂಡಿನೊಳಗೆ ‘ಸ್ಟಾರ್ ಟ್ರೆಕ್’ ಕೂಡ ಶೂಟಿಂಗ್ ಆಗುತ್ತಿತ್ತು. ಎರಡನ್ನೂ ಒಪ್ಪಿಕೊಂಡ ಆ ಹೆಣ್ಣುಮಗಳ ಧೈರ್ಯ ಮೆಚ್ಚಬೇಕು.

ಕಂತಿನ ಕಟ್ಟು ಹೆಚ್ಚುಕಮ್ಮಿ ಪ್ರತಿ ಸಲ ಒಂದೇ. ಬೆಂಕಿಕಡ್ಡಿ ಗೀರಿ ಬತ್ತಿಗೆ ಕಿಡಿ ಹಚ್ಚುವ ಕೈ. ಅದು ಗೆಲ್ಲರ್ ಅವರದ್ದೇ ಕೈ. ಆಮೇಲೆ ಗೂಢಚಾರರ ಟೀಮಿನ ಮುಖ್ಯಸ್ಥ ಎಲ್ಲೋ ಒಂದು ಮೂಲೆಯಲ್ಲಿ ಟೇಪ್ ರೆಕಾರ್ಡರ್ ಹುಡುಕುತ್ತಾನೆ. ಕೆಲಸ ಏನು ಅಂತ ಒಂದು ದನಿ ಹೇಳುತ್ತದೆ. ಸಿಕ್ಕಿಬಿದ್ದರೆ ಸರ್ಕಾರ ನಿಮ್ಮನ್ನು ಯಾರೋ ಏನೋ ಅನ್ನುತ್ತದೆ, ನೆನಪಿರಲಿ ಅಂತಲೂ ಹೇಳುತ್ತದೆ. ಐದು ಸೆಕೆಂಡಿಗೆ ಟೇಪು ಹೊಗೆಯಾಗುತ್ತದೆ. ಅವನು ಮನೆಗೆ ಬಂದು ಒಂದು ಫೈಲಿನಿಂದ ಫೋಟೋ ಎತ್ತಿ ಎತ್ತಿ ಇಡುತ್ತಾನೆ. ಅಷ್ಟೊಂದು ಫೋಟೋ ಇದ್ದರೂ ಆರಿಸುವುದು ಬಹುತೇಕ ಅದೇ ನಾಲ್ಕು ಜನರನ್ನ. ವೇಷಗಾರ ರೋಲಿನ್ ಹ್ಯಾಂಡ್, ಮಾಡೆಲ್ ಸಿನಮನ್ ಕಾರ್ಟರ್, ಎಲೆಕ್ಟ್ರಾನಿಕ್ಸ್ ಬಾರ್ನಿ ಕೋಲಿಯರ್, ಭಾರ ಎತ್ತುವ ವಿಲ್ಲಿ.

ಅವರ ಬಗ್ಗೆ ನಮಗೆ ಬೇರೇನೂ ಗೊತ್ತಾಗುವುದಿಲ್ಲ. ಮದುವೆ ಆಗಿದೆಯೋ ಇಲ್ಲವೋ, ಅಪ್ಪ ಅಮ್ಮ ಇದ್ದಾರೋ ಇಲ್ಲವೋ, ಯಾಕೆ ಈ ಕೆಲಸಕ್ಕೆ ಬಂದರು, ಊಹೂಂ. ಗೆಲ್ಲರ್ ಅದನ್ನೆಲ್ಲ ಬೇಡವೇ ಬೇಡ ಅಂದಿದ್ದರು. ಪಾತ್ರ ಅಂದರೆ ಅವರು ಮಾಡುವ ಕೆಲಸ, ಅಷ್ಟೇ. ಇವತ್ತು ಒಂದು ವೆಬ್ ಸೀರೀಸ್ ಬರೆದು ಹೀಗೆ ಕೊಂಡುಹೋದರೆ ಮೊದಲ ಮೀಟಿಂಗಿನಲ್ಲೇ ‘ಎಮೋಷನ್ ಎಲ್ಲಿ ಸಾರ್?’ ಅಂತ ಕೇಳಿ ವಾಪಸ್ ಕಳಿಸುತ್ತಾರೆ.

ಮುಖವಾಡದ ಗುಟ್ಟು ತುಂಬಾ ಸರಳ. ಮಾರ್ಟಿನ್ ಲಾಂಡೌ ಮಾಡುತ್ತಿದ್ದ ರೋಲಿನ್ ಯಾವುದೋ ಜನರಲ್‌ನ ವೇಷ ಹಾಕಬೇಕು ಅಂತಿಟ್ಟುಕೊಳ್ಳಿ. ಜನರಲ್ ಪಾತ್ರದ ನಟನೇ ‘ಜನರಲ್ ವೇಷದಲ್ಲಿರುವ ರೋಲಿನ್’ ಆಗಿಯೂ ನಟಿಸುತ್ತಾನೆ. ಅವನು ಕತ್ತಿನ ಬಳಿ ಕೈ ಹಾಕುತ್ತಾನೆ, ಕ್ಯಾಮೆರಾ ಬೇರೆ ಕಡೆ ತಿರುಗುತ್ತದೆ, ಮತ್ತೆ ಬಂದಾಗ ಲಾಂಡೌ ಕೈಯಲ್ಲಿ ರಬ್ಬರ್ ತೊಗಲು. ಇನ್ನು ಕೆಲವು ಕಂತುಗಳಲ್ಲಿ ಸರ್ವಾಧಿಕಾರಿಯೂ ಲಾಂಡೌ, ವೇಷಧಾರಿಯೂ ಲಾಂಡೌ. ನೋಡುವವರಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಖುಷಿಪಡುತ್ತಾರೆ.

ಒಂದು ಕಂತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಮೊದಲ ಸೀಸನ್ನಿನ ‘ಆಪರೇಷನ್ ರೋಗೋಶ್’. ರೋಗೋಶ್ ಅಂದರೆ ಎಷ್ಟು ಹಿಂಸೆ ಕೊಟ್ಟರೂ ಬಾಯಿ ಬಿಡದ ಆಸಾಮಿ. ಲಾಸ್ ಏಂಜಲೀಸ್‌ನಲ್ಲಿ ಸಾವಿರಾರು ಜನ ಸಾಯುವ ಹಾಗೆ ಏನೋ ಏರ್ಪಾಟು ಮಾಡಿಟ್ಟಿದ್ದಾನೆ. ಅದು ಏನು ಅಂತ ತಿಳಿಯಬೇಕು, ಟೈಮಿಲ್ಲ. ಹೊಡೆದು ಬಡಿದು ಕೇಳುವುದರಿಂದ ಉಪಯೋಗ ಇಲ್ಲ. ಟೀಮ್ ಏನು ಮಾಡುತ್ತದೆ? ಕಾರಿನಲ್ಲಿ ಗುದ್ದಿ ಎಚ್ಚರ ತಪ್ಪಿಸಿ ಎತ್ತಿಕೊಂಡು ಹೋಗುತ್ತದೆ. ಅವನು ಕಣ್ಣುಬಿಟ್ಟಾಗ ತನ್ನದೇ ದೇಶದ ಜೈಲಿನಲ್ಲಿದ್ದಾನೆ. ಮೂರು ವರ್ಷ ಕಳೆದುಹೋಗಿದೆ ಅಂತ ಸುತ್ತಲಿನವರು ಹೇಳುತ್ತಾರೆ. ಅವನ ಮೇಲೆ ದೇಶದ್ರೋಹದ ಆರೋಪ, ಸದ್ಯದಲ್ಲೇ ಗಲ್ಲು. ಜೈಲು ಸುಳ್ಳು, ಕೈದಿಗಳು ಸುಳ್ಳು, ಮೂರು ವರ್ಷವೂ ಸುಳ್ಳು. ನಾನು ದ್ರೋಹಿಯಲ್ಲ ಅಂತ ಸಾಬೀತು ಮಾಡಿಕೊಳ್ಳುವ ಗಡಿಬಿಡಿಯಲ್ಲಿ ಅವನು ತಾನೇ ಬಾಯಿ ಬಿಡಬೇಕು.

ಬಾಯಿ ಬಿಡಿಸಲು ಒಂದೇ ಒಂದು ಏಟು ಹೊಡೆಯದೆ ಒಬ್ಬ ಮನುಷ್ಯನ ಸುತ್ತ ಇಡೀ ಲೋಕವನ್ನೇ ಕಟ್ಟುವುದು. ಇದೇ ಆ ಸೀರಿಯಲ್ಲಿನ ಮಜಾ. ಇಂಥ ಕಂತುಗಳನ್ನು ಜಾಸ್ತಿ ಬರೆದವರು ವಿಲಿಯಂ ರೀಡ್ ವುಡ್‌ಫೀಲ್ಡ್ ಮತ್ತು ಅಲನ್ ಬಾಲ್ಟರ್ ಜೋಡಿ. ವುಡ್‌ಫೀಲ್ಡ್ ಅವರಿಗೆ ಜಾದೂ ಹುಚ್ಚು ಇತ್ತು. ಅದು ಬರವಣಿಗೆಯಲ್ಲಿ ಕಾಣುತ್ತದೆ. ಇನ್ನೊಂದು ಕಂತಿನಲ್ಲಿ ನಿಂತಲ್ಲೇ ನಿಂತ ರೈಲು ಬೋಗಿಯ ಕಿಟಕಿ ಹೊರಗೆ ದೃಶ್ಯ ಓಡಿಸಿ, ರೈಲು ಓಡುತ್ತಿದೆ ಅಂತ ನಂಬಿಸುತ್ತಾರೆ. ಸಿನಿಮಾ ಸ್ಟುಡಿಯೋದವರು ದಿನಾ ನಮಗೆ ಮಾಡುವುದನ್ನೇ ಈ ಟೀಮ್ ವಿಲನ್‌ಗೆ ಮಾಡುತ್ತದೆ.

ಕಥೆ ನಡೆಯುವ ದೇಶಗಳೂ ಸುಳ್ಳು. ಪೂರ್ವ ಯುರೋಪಿನ ಯಾವುದೋ ಗಣರಾಜ್ಯ, ಲ್ಯಾಟಿನ್ ಅಮೆರಿಕದ ಯಾವುದೋ ಸರ್ವಾಧಿಕಾರ. ಗೋಡೆ ಮೇಲಿನ ಬೋರ್ಡುಗಳಿಗೆ ಒಂದು ಭಾಷೆಯನ್ನೇ ಹುಟ್ಟಿಸಿದ್ದರು. ಇಂಗ್ಲಿಷ್ ಪದವನ್ನೇ ಸ್ವಲ್ಪ ತಿರುಚಿ, ಅಕ್ಷರದ ಮೇಲೆ ಎರಡು ಚುಕ್ಕಿ ಇಟ್ಟರೆ ಮುಗಿಯಿತು. ಗ್ಯಾಸ್ ಪೈಪಿನ ಮೇಲೆ ‘ಗಾಜ್’ ಅಂತ ಬರೆದಿರುತ್ತದೆ. ವಿದೇಶಿ ಅನ್ನಿಸಬೇಕು, ಆದರೆ ಅಮೆರಿಕದ ಹಳ್ಳಿಯವನಿಗೂ ಓದೋಕೆ ಬರಬೇಕು. ಸೆಟ್ಟಿನವರು ಅದಕ್ಕೆ ಗೆಲ್ಲರೀಸ್ ಅಂತ ಹೆಸರಿಟ್ಟು ನಗುತ್ತಿದ್ದರಂತೆ.

ಬಾರ್ನಿ ಪಾತ್ರದ ಬಗ್ಗೆ ಒಂದು ಮಾತು. 1966ರ ಅಮೆರಿಕದ ಟಿವಿಯಲ್ಲಿ ಕಪ್ಪು ನಟನೊಬ್ಬ ಟೀಮಿನ ಅತಿ ಬುದ್ಧಿವಂತನಾಗಿ, ಯಾರ ಆಳಾಗಿಯೂ ಇರದೆ, ಏಳೂ ಸೀಸನ್ ಇರುವುದು ಸಣ್ಣ ವಿಷಯವಲ್ಲ. ಗ್ರೆಗ್ ಮಾರಿಸ್ ಅದನ್ನು ಎಷ್ಟು ಸಲೀಸಾಗಿ ಮಾಡಿದರು! ಆದರೆ ಇನ್ನೊಂದು ಗಮನಿಸಿ. ಪೂರ್ವ ಯುರೋಪಿನ ಬೀದಿಯಲ್ಲಿ ಬಾರ್ನಿ ನಡೆದುಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ ಅಂತಲೋ ಏನೋ, ಅವನು ಸದಾ ಸುರಂಗದಲ್ಲಿ, ಗಾಳಿ ಕೊಳವೆಯಲ್ಲಿ, ಪೆಟ್ಟಿಗೆಯೊಳಗೆ. ಬೆವರುತ್ತಾ ಡ್ರಿಲ್ ಹಿಡಿದುಕೊಂಡೇ ಎಷ್ಟೋ ಕಂತು ಕಳೆದ. ಎಲ್ಲರೂ ಪಾರ್ಟಿಯಲ್ಲಿ ಶಾಂಪೇನ್ ಹೀರುವಾಗ ನಿಜವಾದ ಕೆಲಸ ನೆಲದಡಿಯಲ್ಲಿ ನಡೆಯುತ್ತಿತ್ತು.

ಕಂತು ಮುಗಿಯುವ ರೀತಿಯೂ ವಿಚಿತ್ರ. ವಿಲನ್‌ನ ಮೇಲೆ ಅವನ ಜನಕ್ಕೇ ಅನುಮಾನ ಬರುವ ಹಾಗೆ ಮಾಡಿ, ಟೀಮ್ ಮೆಲ್ಲಗೆ ವ್ಯಾನ್ ಹತ್ತುತ್ತದೆ. ಹಿಂದಿನ ಕಟ್ಟಡದಿಂದ ಒಂದು ಗುಂಡಿನ ಸದ್ದು ಕೇಳುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ವ್ಯಾನ್ ಹೊರಡುತ್ತದೆ. ಕೈಗೆ ರಕ್ತ ಮೆತ್ತಿಲ್ಲ, ಕೊಲೆ ಮಾತ್ರ ಆಗಿದೆ. ನಾನು ಇದನ್ನು ಮೊದಲು ನೋಡಿದಾಗ ಭಲೇ ಅಂದುಕೊಂಡಿದ್ದೆ. ಈಗ ಅಷ್ಟು ಸಲೀಸಾಗಿ ಭಲೇ ಅನ್ನೋಕೆ ಆಗುವುದಿಲ್ಲ. 1975ರಲ್ಲಿ ಅಮೆರಿಕದ ಸೆನೆಟ್ಟಿನ ಚರ್ಚ್ ಸಮಿತಿ ಅಲ್ಲಿನ ಗೂಢಚಾರ ಸಂಸ್ಥೆ ಸಿಐಎಯ ಕಡತ ಬಿಚ್ಚಿತು. ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಅವರನ್ನು ಕೊಲ್ಲಲು ವಿಷದ ಸಿಗಾರ್‌ವರೆಗೆ ಏನೇನು ಯೋಚನೆ ಮಾಡಿದ್ದರು ಅನ್ನುವುದು ಹೊರಬಂತು. ಸೀರಿಯಲ್ ಅಷ್ಟು ಹೊತ್ತಿಗೆ ನಿಂತಿತ್ತು. ಕಡೆಯ ಸೀಸನ್‌ಗಳಲ್ಲಿ ಟೀಮು ಪರದೇಶದ ಸರ್ಕಾರ ಬೀಳಿಸುವುದನ್ನು ಕಮ್ಮಿ ಮಾಡಿ ಅಮೆರಿಕದೊಳಗಿನ ಮಾಫಿಯಾ ಹಿಂದೆ ಬಿದ್ದಿತ್ತು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಬೇರೆಯವರ ದೇಶಕ್ಕೆ ಕೈ ಹಾಕುವ ಕಥೆ ಜನಕ್ಕೆ ಮೊದಲಿನಷ್ಟು ರುಚಿಸುತ್ತಿರಲಿಲ್ಲ.

ಸಂಗೀತದ ಬಗ್ಗೆ ಹೇಳದಿದ್ದರೆ ಹೇಗೆ? ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದ ಲಾಲೋ ಶಿಫ್ರಿನ್ ಮಾಡಿದ ಆ ಧುನ್ ಗೊತ್ತಿಲ್ಲದವರು ಯಾರಿದ್ದಾರೆ? ಅದರ ತಾಳದ ಲೆಕ್ಕ ಐದರದ್ದು. ಪಾಶ್ಚಾತ್ಯ ಪಾಪ್ ಕಿವಿಗೆ ನಾಲ್ಕು ರೂಢಿ, ಹಾಗಾಗಿ ಅವರಿಗೆ ಐದು ಅಂದರೆ ಕಾಲು ತಪ್ಪಿದ ಹಾಗೆ. ಮೃದಂಗದ ಪಾಠಕ್ಕೆ ಕೂತವರಿಗೆ ಏನೂ ಗಾಬರಿಯಿಲ್ಲ. ‘ತಕಿಟ ತಕಿಟ ತಕ ತಕ’ ಅಂತ ಬಾಯಲ್ಲಿ ಹೇಳಿಕೊಂಡು ಕೇಳಿ ನೋಡಿ, ಸರಿಯಾಗಿ ಕೂರುತ್ತದೆ. ನನ್ನ ಪರಿಚಯದ ಮೃದಂಗದ ಹುಡುಗನೊಬ್ಬ ಕಚೇರಿಗೆ ಮುಂಚೆ ಶ್ರುತಿ ಮಾಡಿಕೊಳ್ಳುತ್ತಾ ಇದನ್ನೇ ಬಾರಿಸುತ್ತಾನೆ, ಪಕ್ಕದ ಪಿಟೀಲಿನವರು ಕಣ್ಣು ಬಿಡುತ್ತಾರೆ. 1996ರ ಸಿನಿಮಾಕ್ಕೆ ಯು2 ಬ್ಯಾಂಡಿನ ಇಬ್ಬರು ಇದನ್ನು ಮತ್ತೆ ಮಾಡಿದಾಗ ಡಿಸ್ಕೋದಲ್ಲಿ ಕುಣಿಯಲು ಅನುಕೂಲ ಆಗಲಿ ಅಂತ ನಾಲ್ಕಕ್ಕೆ ಇಳಿಸಿದರು. ಚೆನ್ನಾಗಿ ಓಡಿತು. ನನಗೆ ಮಾತ್ರ ಅದು ಉಪ್ಪಿಲ್ಲದ ಸಾರು. ಶಿಫ್ರಿನ್ 2025ರ ಜೂನ್‌ನಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು. ಎಂಟನೇ ಸಿನಿಮಾ ಬಿಡುಗಡೆಯಾಗಿ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ.

ಅತ್ತ ಟಿವಿಯಲ್ಲಿ ಇದು ನಡೆಯುತ್ತಿದ್ದಾಗ ಇತ್ತ ಕನ್ನಡದಲ್ಲೂ ಒಬ್ಬ ಗೂಢಚಾರಿ ಹುಟ್ಟಿದ್ದ. ದೊರೈ-ಭಗವಾನ್ ಜೋಡಿಯ ‘ಜೇಡರ ಬಲೆ’ 1968ರದ್ದು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ತುಂಬಾ ತಡವಾಗಿ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಇವುಗಳ ಮಾದರಿ ಜೇಮ್ಸ್ ಬಾಂಡ್, ಮಿಷನ್ ಇಂಪಾಸಿಬಲ್ ಅಲ್ಲ. ನನಗಿಲ್ಲಿ ಬೇಕಾಗಿರುವುದು ಬೇರೆ. 999 ಯಾವ ವೇಷ ಹಾಕಲಿ, ಯಾವ ಮೀಸೆ ಅಂಟಿಸಲಿ, ಒಳಗಿರುವುದು ಅಣ್ಣಾವ್ರು ಅಂತ ಥಿಯೇಟರಿನ ಕಡೇ ಬೆಂಚಿನವನಿಗೂ ಗೊತ್ತು. ಗೊತ್ತಿರಲಿ ಅಂತಲೇ ದುಡ್ಡು ಕೊಟ್ಟಿದ್ದಾನೆ. ಸ್ಟಾರ್ ಇರುವ ಕಡೆ ವೇಷಕ್ಕೆ ಅಷ್ಟೇ ಬೆಲೆ. ಅಮೆರಿಕದ ಸೀರಿಯಲ್‌ಗೆ ಅಂಥ ಸ್ಟಾರ್ ಇರಲಿಲ್ಲ, ಅದಕ್ಕೇ ವೇಷ ನಡೆಯಿತು.

ಸ್ಟಾರ್ ಇಲ್ಲದ ಕಾರಣ ಜನ ಬದಲಾದರೂ ಸೀರಿಯಲ್ ನಿಲ್ಲಲಿಲ್ಲ. ಮೊದಲ ಸೀಸನ್ನಿನ ಮುಖ್ಯಸ್ಥ ಸ್ಟೀವನ್ ಹಿಲ್ ಸಂಪ್ರದಾಯಸ್ಥ ಯಹೂದಿ. ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಶೂಟಿಂಗ್ ಬಿಟ್ಟು ಹೊರಡುತ್ತಿದ್ದರು. ಎರಡನೇ ಸೀಸನ್‌ಗೆ ಅವರಿಲ್ಲ, ಬೆಳ್ಳಿಕೂದಲಿನ ಪೀಟರ್ ಗ್ರೇವ್ಸ್ ಜಿಮ್ ಫೆಲ್ಪ್ಸ್ ಆಗಿ ಬಂದರು. ಸಿನಮನ್ ಆಗಿದ್ದ ಬಾರ್ಬರಾ ಬೇನ್ ಸಾಲಾಗಿ ಮೂರು ವರ್ಷ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಗೆದ್ದರು. ಮೂರನೇ ಸೀಸನ್ ಆದಮೇಲೆ ಸಂಬಳದ ಜಗಳ, ಲಾಂಡೌ ಮತ್ತು ಬೇನ್ ಹೊರಟರು. ಅವರಿಬ್ಬರೂ ಆಗ ಗಂಡ ಹೆಂಡತಿ. ಲಾಂಡೌ ಜಾಗಕ್ಕೆ ಬಂದವರು ಲಿಯೊನಾರ್ಡ್ ನಿಮೋಯ್. ಪಕ್ಕದ ಸೆಟ್ಟಿನಲ್ಲಿ ಸ್ಪಾಕ್ ಆಗಿದ್ದರಲ್ಲ, ಅವರೇ. ಸ್ಟಾರ್ ಟ್ರೆಕ್ ನಿಂತಿತ್ತು, ಅಲ್ಲಿಂದ ಇಲ್ಲಿಗೆ ನಡೆದುಕೊಂಡು ಬಂದರು ಅನ್ನಬಹುದು.

1988ರಲ್ಲಿ ಹಾಲಿವುಡ್ ಬರಹಗಾರರು ಐದು ತಿಂಗಳು ಮುಷ್ಕರ ಹೂಡಿದರು. ಹೊಸ ಸ್ಕ್ರಿಪ್ಟ್ ಇಲ್ಲ. ಎಬಿಸಿ ಚಾನೆಲ್‌ನವರು ಈ ಸೀರಿಯಲ್ಲಿನ ಹಳೇ ಸ್ಕ್ರಿಪ್ಟ್‌ಗಳ ಧೂಳು ಕೊಡವಿ, ಖರ್ಚು ಉಳಿಯಲಿ ಅಂತ ಆಸ್ಟ್ರೇಲಿಯಾದಲ್ಲಿ ಮತ್ತೆ ತೆಗೆದರು. ಗ್ರೇವ್ಸ್ ಮತ್ತೆ ಬಂದರು. ಬಾರ್ನಿಯ ಮಗನ ಪಾತ್ರ ಮಾಡಿದ್ದು ಗ್ರೆಗ್ ಮಾರಿಸ್ ಅವರ ನಿಜವಾದ ಮಗ ಫಿಲ್ ಮಾರಿಸ್. 35 ಕಂತಿಗೆ ಅಂಗಡಿ ಮುಚ್ಚಿತು. ನೋಡಲೇಬೇಕು ಅಂತೇನಿಲ್ಲ.

ಈಗ 1996. ಬ್ರಯಾನ್ ಡಿ ಪಾಲ್ಮಾ ನಿರ್ದೇಶನ, ಟಾಮ್ ಕ್ರೂಸ್ ನಾಯಕ ಮತ್ತು ನಿರ್ಮಾಪಕರಲ್ಲೊಬ್ಬ. ಸಿನಿಮಾ ಶುರುವಾಗಿ ಅರ್ಧ ಗಂಟೆ ಆಗುವಷ್ಟರಲ್ಲಿ ಪ್ರಾಗ್ ನಗರದಲ್ಲಿ ಹೆಚ್ಚುಕಮ್ಮಿ ಇಡೀ ಟೀಮ್ ಸತ್ತುಬೀಳುತ್ತದೆ. ಸೀರಿಯಲ್ ಅಂದ್ರೆ ಟೀಮ್, ಸಿನಿಮಾ ಮೊದಲು ಕೊಂದಿದ್ದೇ ಟೀಮನ್ನು. ಸಾಲದು ಅಂತ ಜಿಮ್ ಫೆಲ್ಪ್ಸ್‌ನನ್ನೇ ದ್ರೋಹಿ ಮಾಡಿತು. ಪೀಟರ್ ಗ್ರೇವ್ಸ್ ಅದಕ್ಕೆ ಒಪ್ಪಲಿಲ್ಲ, ಆ ಪಾತ್ರ ಜಾನ್ ವಾಯ್ಟ್ ಮಾಡಿದರು. ಗ್ರೆಗ್ ಮಾರಿಸ್ ಸಿನಿಮಾದ ಮಧ್ಯಕ್ಕೇ ಎದ್ದು ಹೋದರು ಅಂತ ಆಗ ಸುದ್ದಿಯಾಗಿತ್ತು. ಆ ಹಳಬರ ಸಿಟ್ಟು ನನಗೆ ಅರ್ಥವಾಗುತ್ತದೆ. ವರ್ಷಗಟ್ಟಲೆ ಮುಖ್ಯಸ್ಥನಾಗಿ ನಂಬಿದವನನ್ನು ಒಂದು ಟ್ವಿಸ್ಟಿಗೋಸ್ಕರ ಬಲಿ ಕೊಡುವುದು ಅಂದರೆ!

ಆದರೂ ಆ ಸಿನಿಮಾದ ಮೇಲೆ ನನಗೆ ಪ್ರೀತಿ. ಕಾರಣ ಒಂದೇ ಒಂದು ದೃಶ್ಯ. ಲ್ಯಾಂಗ್ಲಿಯ ಸಿಐಎ ಕಚೇರಿ, ಬೆಳ್ಳಗಿನ ಕೋಣೆ. ಸದ್ದಾದರೆ ಅಲಾರಂ, ನೆಲ ಮುಟ್ಟಿದರೆ ಅಲಾರಂ, ಕೋಣೆಯ ಉಷ್ಣತೆ ಏರಿದರೆ ಅಲಾರಂ. ಕ್ರೂಸ್ ಸೂರಿನಿಂದ ಹಗ್ಗದಲ್ಲಿ ಇಳಿಯುತ್ತಾನೆ. ಮೇಲೆ ಹಗ್ಗ ಹಿಡಿದವನ ಮುಂದೆ ಒಂದು ಇಲಿ. ಹಗ್ಗ ಜಾರುತ್ತದೆ, ಮೂಗು ನೆಲಕ್ಕೆ ಒಂದು ಗೇಣು ಇರುವಾಗ ನಿಲ್ಲುತ್ತದೆ. ಕನ್ನಡಕದ ಮೇಲೆ ಬೆವರ ಹನಿ ಇಳಿದು ತುದಿಯಲ್ಲಿ ನಿಂತು ಬೀಳಲು ಹೊರಟಾಗ ಕೈಗವಸಿನಲ್ಲಿ ಹಿಡಿಯುತ್ತಾನೆ. ಹಿನ್ನೆಲೆ ಸಂಗೀತ ಇಲ್ಲ. ಬೇಸಿಗೆ ರಜೆಯ ದೊಡ್ಡ ಬಜೆಟ್ಟಿನ ಸಿನಿಮಾದಲ್ಲಿ ಇಷ್ಟು ಹೊತ್ತು ಥಿಯೇಟರ್ ಪೂರ್ತಿ ಉಸಿರು ಬಿಗಿಹಿಡಿಯುವುದು ಅಪರೂಪ. ಶೂಟಿಂಗ್‌ನಲ್ಲಿ ಕ್ರೂಸ್ ತಲೆ ಪದೇ ಪದೇ ಕೆಳಗೆ ವಾಲಿ ನೆಲಕ್ಕೆ ಬಡಿಯುತ್ತಿತ್ತಂತೆ. ಕಡೆಗೆ ಯಾರದ್ದೋ ಜೇಬಿನ ಚಿಲ್ಲರೆ ಇಸಿದುಕೊಂಡು, ಬ್ರಿಟಿಷ್ ನಾಣ್ಯಗಳನ್ನು ಶೂ ಒಳಗೆ ತುಂಬಿ ತೂಕ ಸರಿಮಾಡಿಕೊಂಡ.

ಈ ದೃಶ್ಯದ ಅಜ್ಜ 1964ರ ‘ಟೋಪ್‌ಕಾಪಿ’ ಅನ್ನುವ ಸಿನಿಮಾ. ಜೂಲ್ಸ್ ಡಸ್ಸಿನ್ ಅವರದ್ದು. ಇಸ್ತಾಂಬುಲ್ ಮ್ಯೂಸಿಯಂನಲ್ಲಿ ಒಬ್ಬ ಕಳ್ಳ ಹೀಗೇ ಹಗ್ಗದಲ್ಲಿ ಇಳಿದು, ನೆಲ ಮುಟ್ಟದೆ ಕಠಾರಿ ಕದಿಯುತ್ತಾನೆ. ಗೆಲ್ಲರ್‌ಗೆ ಸೀರಿಯಲ್ ಮಾಡುವ ಯೋಚನೆ ಬಂದದ್ದೇ ಆ ಸಿನಿಮಾ ನೋಡಿ. ಅಂದರೆ ಟೀಮನ್ನು ಕೊಂದ ಸಿನಿಮಾ, ಟೀಮು ಹುಟ್ಟಿದ ಕಡೆಗೇ ಹೋಗಿ ತನ್ನ ಅತ್ಯುತ್ತಮ ದೃಶ್ಯ ತಂದುಕೊಂಡಿದೆ. ಇಲ್ಲಿ ಎರಡೂ ಇವೆ. ಫೈರ್‌ಮನ್ ವೇಷ ಹಾಕಿ ಒಳನುಗ್ಗುವ ಹಳೇ ಮೋಸ, ನೇತಾಡುವ ಹೊಸ ಮೈ.

ಆಮೇಲಿನವನ್ನು ಬೇಗ ಹೇಳಿ ಮುಗಿಸುತ್ತೇನೆ. 2000ದ ಎರಡನೆಯದ್ದರಲ್ಲಿ ಜಾನ್ ವೂ ಪಾರಿವಾಳ ಹಾರಿಸಿದರು, ಮುಖವಾಡ ಕಿತ್ತು ಕಿತ್ತು ನಮಗೇ ಸಾಕಾಯಿತು. ಆದರೂ ಆ ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ಗಳಿಸಿದ ಸಿನಿಮಾ ಅದೇ. 2006ರ ಮೂರನೆಯದ್ದರಲ್ಲಿ ಫಿಲಿಪ್ ಸೀಮರ್ ಹಾಫ್‌ಮನ್ ವಿಲನ್. ಅವರ ಮುಖದ ಅಚ್ಚಿನಲ್ಲಿ ಮಷೀನು ಮುಖವಾಡ ಕೆತ್ತುವುದನ್ನು ನಿಧಾನಕ್ಕೆ ತೋರಿಸುತ್ತಾರೆ. ನನ್ನ ಪ್ರಕಾರ ಮುಖವಾಡದ ಕಡೆಯ ಒಳ್ಳೇ ದಿನ ಅದು.

ಗೇಮುಗಳ ವಿಷಯಕ್ಕೆ ಬರೋಣ. 1990ರಲ್ಲಿ ನಿಂಟೆಂಡೊಗೆ ಕೊನಾಮಿಯವರು ಮಾಡಿದ ಗೇಮ್ ಇತ್ತು. ಆಸ್ಟ್ರೇಲಿಯಾದ ಸೀರಿಯಲ್ ಆಧಾರ. ಅದರಲ್ಲಿ ಮೂವರು ಏಜೆಂಟರು, ಯಾರನ್ನು ಬೇಕಾದರೂ ಆಡಿಸಬಹುದು. ಒಬ್ಬೊಬ್ಬನದು ಒಂದೊಂದು ಕಸುಬು, ಒಬ್ಬ ವೇಷದವ. ಭಯಂಕರ ಕಷ್ಟ. ಆದರೆ ಸಿನಿಮಾಗಳಿಗಿಂತ ಅದೇ ಸೀರಿಯಲ್‌ಗೆ ಹತ್ತಿರ.

1998ರ ನಿಂಟೆಂಡೊ 64 ಗೇಮ್ ಇನ್ನೂ ಕುತೂಹಲದ್ದು. ಮೊದಲ ಸಿನಿಮಾ ಬಂದು ಎರಡು ವರ್ಷ ಆದಮೇಲೆ ಹೊರಬಂತು. ಪ್ರಾಗ್‌ನ ರಾಯಭಾರ ಕಚೇರಿಯಲ್ಲಿ ಪಾರ್ಟಿ. ಬಂದೂಕು ತೆಗೆದು ಓಡಾಡಿದರೆ ಕೆಲಸ ಕೆಟ್ಟ ಹಾಗೆ. ಒಬ್ಬನ ಹಿಂದೆ ಹೋಗಿ, ಯಾರೂ ಇಲ್ಲದ ಕಡೆ ಕೆಡವಿ, ಅವನ ಮುಖ ತೆಗೆದುಕೊಂಡು ಬಂದು, ಅದೇ ಪಾರ್ಟಿಯಲ್ಲಿ ಅವನಾಗಿ ಓಡಾಡಬೇಕು. ನಾನು ಇದನ್ನು ಆಡಿದ್ದು ಎಷ್ಟೋ ವರ್ಷ ತಡವಾಗಿ, ಕಂಪ್ಯೂಟರ್‌ನಲ್ಲಿ. ಗ್ರಾಫಿಕ್ಸ್ ನೋಡಿದರೆ ನಗು ಬರುತ್ತದೆ, ಮುಖಗಳೆಲ್ಲ ಮಡಚಿದ ಕಾಗದ. ನಡಿಗೆ ಮೊಂಡು. ಆದರೂ ಕದ್ದ ಮುಖ ಹೊತ್ತು ಕಾವಲುಗಾರನ ಎದುರಿಗೇ ನಡೆದುಹೋದಾಗ ಹೊಟ್ಟೆಯಲ್ಲಿ ಒಂದು ಸಣ್ಣ ಕಳವಳ ಏಳುತ್ತದಲ್ಲ, ಅದು ಅಪ್ಪಟ 1966.

ಈ ಗೇಮಿನಲ್ಲಿ ಈಥನ್ ಹಂಟ್ ಇದ್ದಾನೆ, ಟಾಮ್ ಕ್ರೂಸ್ ಮುಖ ಇಲ್ಲ. 2003ರ ‘ಆಪರೇಷನ್ ಸುರ್ಮಾ’ದಲ್ಲೂ ಕ್ರೂಸ್ ಇಲ್ಲ. ಸ್ಟಾರ್ ಇಲ್ಲದ ಕಡೆ ಸರಣಿ ತಾನಾಗಿಯೇ ಮುಖವಾಡಕ್ಕೆ ವಾಪಸಾಗಿದೆ ನೋಡಿ. ಇನ್ನೊಂದು ಕಾರಣವೂ ಇದೆ. ಗೇಮಿನ ಬೊಂಬೆ ಬೆಟ್ಟದಿಂದ ಹಾರಿದರೆ ಯಾರ ಎದೆಯೂ ಝಲ್ ಅನ್ನುವುದಿಲ್ಲ. ಬಿದ್ದರೆ ಇನ್ನೊಂದು ಲೈಫ್ ಇದೆ. ಆದರೆ ಇನ್ನೊಬ್ಬನ ಮುಖ ಹೊತ್ತು ಸಿಕ್ಕಿಬೀಳುವ ಹೆದರಿಕೆ ಬೊಂಬೆಯಲ್ಲೂ ಕೆಲಸ ಮಾಡುತ್ತದೆ.

2011ರಿಂದ ಸಿನಿಮಾಗಳು ಪೂರ್ತಿ ಇನ್ನೊಂದು ದಾರಿ ಹಿಡಿದವು. 828 ಮೀಟರ್ ಎತ್ತರದ ಕಟ್ಟಡದ ಹೊರಮೈಯಲ್ಲಿ ಕ್ರೂಸ್ ನಿಜವಾಗಿ ನೇತಾಡಿದ. ಕಟ್ಟಿದ್ದ ತಂತಿಗಳನ್ನು ಮಾತ್ರ ಆಮೇಲೆ ಕಂಪ್ಯೂಟರ್‌ನಲ್ಲಿ ಅಳಿಸಿದರು. ಅದೇ ಸಿನಿಮಾದ ಕಡೇ ಭಾಗದಲ್ಲಿ ಅನಿಲ್ ಕಪೂರ್ ಇದ್ದಾರೆ, ಮುಂಬೈ ಇದೆ. ಮುಂಬೈ ಅಂತ ತೋರಿಸಿದ್ದರಲ್ಲಿ ಸ್ವಲ್ಪ ಭಾಗ ಶೂಟಿಂಗ್ ಆಗಿದ್ದು ನಮ್ಮ ಬೆಂಗಳೂರಿನಲ್ಲಿ. ಟ್ರಾಫಿಕ್‌ಗೇನೂ ಕೊರತೆ ಆಗಿರಲಿಕ್ಕಿಲ್ಲ ಬಿಡಿ. 2018ರ ‘ಫಾಲ್‌ಔಟ್’ನ ಕಾಶ್ಮೀರವಂತೂ ನ್ಯೂಜಿಲೆಂಡ್‌ನಲ್ಲಿದೆ. ಕಡೇ ಹೊಡೆದಾಟದ ಬಂಡೆ ನಾರ್ವೆಯದ್ದು. ಇಷ್ಟೆಲ್ಲ ನಿಜ ಬೇಕು ಅನ್ನುವವರಿಗೆ ಊರು ಮಾತ್ರ ಯಾವುದಾದರೂ ನಡೆಯುತ್ತದೆ.

2015ರ ಸಿನಿಮಾಕ್ಕೋಸ್ಕರ ಕ್ರೂಸ್ ಏರ್‌ಬಸ್ ಎ400ಎಂ ಸರಕು ವಿಮಾನದ ಬಾಗಿಲಿಗೆ ಕಟ್ಟಿಸಿಕೊಂಡು ಹಾರಿದ, ಎಂಟು ಸಲ. ಗಾಳಿಗೆ ಕಣ್ಣು ಬಿಡಲಿಕ್ಕಾಗಲಿ ಅಂತ ಕಣ್ಣಿಗೆ ದೊಡ್ಡ ಲೆನ್ಸ್ ಹಾಕಿದ್ದರು. 2017ರಲ್ಲಿ ಲಂಡನ್‌ನ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಾರುವಾಗ ಹಿಮ್ಮಡಿ ಗಂಟು ಮುರಿಯಿತು. ಎದ್ದು ಕುಂಟುತ್ತಾ ಓಡಿ ಶಾಟ್ ಮುಗಿಸಿದ, ಅದೇ ಶಾಟ್ ಸಿನಿಮಾದಲ್ಲಿದೆ. ಅದೇ ‘ಫಾಲ್‌ಔಟ್’ಗೋಸ್ಕರ ಅಬುಧಾಬಿಯಲ್ಲಿ ವಿಮಾನದಿಂದ ನೂರಕ್ಕೂ ಹೆಚ್ಚು ಸಲ ಜಿಗಿದರು, ಮುಸ್ಸಂಜೆಯ ಬೆಳಕೇ ಬೇಕು ಅಂತ ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿತ್ತು.

ಆ ಜಿಗಿತದ ಹೆಲ್ಮೆಟ್ ಬಗ್ಗೆ ಓದಿದಾಗ ನನಗೆ ನಗು ಬಂತು. ಅಷ್ಟು ಎತ್ತರದಿಂದ ಜಿಗಿಯುವವರ ಮುಖ ಮಾಮೂಲಿ ಮುಚ್ಚಿರುತ್ತದೆ. ಇಲ್ಲಿ ಮುಂಭಾಗಕ್ಕೆಲ್ಲ ಗಾಜು ಇರುವ, ಒಳಗೆ ಲೈಟು ಇರುವ ಹೆಲ್ಮೆಟ್ಟನ್ನು ಬೇಕಂತಲೇ ಮಾಡಿಸಿದರು. ಹಾರುತ್ತಿರುವುದು ಕ್ರೂಸೇ ಅಂತ ಕಾಣಬೇಕಲ್ಲ! ಲಾಂಡೌ ಕಾಲದಲ್ಲಿ ಮುಖ ಮುಚ್ಚಲು ರಬ್ಬರ್ ಬೇಕಿತ್ತು, ಈಗ ತೋರಿಸಲು ದೀಪ ಬೇಕು.

ಇದು ಸೊಕ್ಕು ಅಂತ ಅನ್ನುವವರಿದ್ದಾರೆ. ಸ್ವಲ್ಪ ಇದೆ, ಇಲ್ಲ ಅನ್ನಲ್ಲ. ಆದರೆ ಬೇಡಿಕೆ ನಮ್ಮ ಕಡೆಯಿಂದಲೂ ಇದೆ. ತೆರೆಯ ಮೇಲೆ ಏನು ಬೇಕಾದರೂ ಕಂಪ್ಯೂಟರ್‌ನಲ್ಲಿ ಮಾಡಬಹುದು ಅಂತ ಆದ ಮೇಲೆ ನಮಗೆ ಯಾವುದೂ ಅಚ್ಚರಿ ಅನ್ನಿಸುವುದಿಲ್ಲ. ‘ಇದು ನಿಜವಾಗಿ ಮಾಡಿದ್ದಂತೆ ಕಣೋ’ ಅಂತ ಪಕ್ಕದವನಿಗೆ ಹೇಳಬೇಕು. ‘ಡೆಡ್ ರೆಕನಿಂಗ್’ ಬಿಡುಗಡೆಗೆ ತಿಂಗಳುಗಟ್ಟಲೆ ಮುಂಚೆಯೇ ಬೈಕ್ ಜಿಗಿತದ ಮೇಕಿಂಗ್ ವಿಡಿಯೋ ಬಿಟ್ಟಿದ್ದರು. ಗುಟ್ಟು ಮೊದಲೇ ಹೊರಬಂದಾಗಿತ್ತು, ಆದರೂ ಜನ ಬಂದರು.

‘ಫಾಲ್‌ಔಟ್’ನ ಶುರುವಿನಲ್ಲಿ ಒಂದು ಅಪರೂಪದ ತುಣುಕಿದೆ. ಅಣುಬಾಂಬ್ ವಿಜ್ಞಾನಿಯೊಬ್ಬ ಆಸ್ಪತ್ರೆ ಮಂಚದ ಮೇಲಿದ್ದಾನೆ. ವ್ಯಾಟಿಕನ್, ಜೆರುಸಲೇಂ, ಮೆಕ್ಕಾದಲ್ಲಿ ಬಾಂಬು ಸಿಡಿದಿದೆ ಅಂತ ಟಿವಿ ಸುದ್ದಿ ಬರುತ್ತಿದೆ. ತನ್ನ ಕೆಲಸ ಆಯಿತು ಅಂತ ಖುಷಿಯಾಗಿ ಪಾಸ್‌ವರ್ಡ್ ಕೊಡುತ್ತಾನೆ. ಆಗ ಕೋಣೆಯ ಗೋಡೆಗಳು ಹೊರಕ್ಕೆ ಬೀಳುತ್ತವೆ. ಆಸ್ಪತ್ರೆ ಸುಳ್ಳು, ಸುದ್ದಿ ಸುಳ್ಳು, ಸುದ್ದಿ ಓದಿದ ಸಿಎನ್ಎನ್ ನಿರೂಪಕನ ಮುಖವೂ ಸುಳ್ಳು. ರೋಗೋಶ್ ಮತ್ತೆ ಹುಟ್ಟಿ ಬಂದ ಹಾಗೆ! ಬರೆದು ನಿರ್ದೇಶಿಸಿದ ಕ್ರಿಸ್ಟೋಫರ್ ಮೆಕ್ವಾರಿಗೆ ಹಳೇ ಸೀರಿಯಲ್ ಚೆನ್ನಾಗಿ ಗೊತ್ತು. ಕ್ರೂಸ್ ಹಾರಾಟ ಎಷ್ಟೇ ಇರಲಿ, ಎಂಟು ಸಿನಿಮಾದಲ್ಲಿ ನನಗೆ ಇದೇ ಅತಿ ಇಷ್ಟ.

ಕಡೆಯ ಎರಡರ ವಿಲನ್ ಒಂದು ಎಐ. ಹೆಸರು ಎಂಟಿಟಿ. ಅದಕ್ಕೆ ಮೈ ಇಲ್ಲ. ಯಾವ ಕ್ಯಾಮೆರಾದಲ್ಲಿ ಏನು ಬೇಕಾದರೂ ತೋರಿಸಬಲ್ಲದು, ಯಾರ ದನಿಯಲ್ಲಿ ಬೇಕಾದರೂ ಮಾತಾಡಬಲ್ಲದು. ವೆನಿಸ್‌ನ ಗಲ್ಲಿಗಳಲ್ಲಿ ಈಥನ್ ಓಡುತ್ತಿರುವಾಗ ಗೆಳೆಯ ಬೆಂಜಿಯ ದನಿಯಲ್ಲಿ ಅವನಿಗೇ ದಾರಿ ಹೇಳಿ, ತಪ್ಪು ಕಡೆ ಕಳಿಸುತ್ತದೆ. ಇದನ್ನು ನೋಡುವಾಗ ನನಗೆ ಯೋಚನೆ ಹತ್ತಿತು. ಸುಳ್ಳು ಜೈಲು, ಸುಳ್ಳು ಸುದ್ದಿ, ಸುಳ್ಳು ದನಿ ಇವೆಲ್ಲ ಒಂದು ಕಾಲಕ್ಕೆ ನಮ್ಮ ಟೀಮಿನ ಆಯುಧಗಳು. ಆಗ ಅದು ಜಾಣತನ. ಈಗ ಅದನ್ನೇ ವಿಲನ್ ಮಾಡುತ್ತಿದೆ, ಟೀಮು ಹಳೇ ಕಾಲದ ರೇಡಿಯೋ, ನಕ್ಷೆ ಹಿಡಿದು ಪರದಾಡುತ್ತಿದೆ. ಅಜ್ಜ ಮಾಡಿಟ್ಟ ಆಸ್ತಿ ವಿಲನ್ ಪಾಲಾಗಿದೆ. ಮುಖವಾಡದ ಮಷೀನು ಯಾಕೆ ಕೆಡಬೇಕಿತ್ತು ಅನ್ನುವುದಕ್ಕೆ ಸ್ಟಂಟ್‌ಗಿಂತ ಗಟ್ಟಿ ಕಾರಣ ಇದು. ಇವತ್ತು ನಕಲಿ ದನಿಯಲ್ಲಿ ಫೋನ್ ಮಾಡಿ ದುಡ್ಡು ಕೇಳುವವರು ಇದ್ದಾರೆ. ಈ ಹೊತ್ತಿನಲ್ಲಿ ನಾಯಕನೂ ಇನ್ನೊಬ್ಬನ ಮುಖ ದನಿ ಕದ್ದರೆ ಚಪ್ಪಾಳೆ ಬೀಳುವುದು ಅನುಮಾನ.

ಕಡೆಯ ಸಿನಿಮಾ, ‘ಫೈನಲ್ ರೆಕನಿಂಗ್’, ಭಾಷಣ ಜಾಸ್ತಿ. ಮೊದಲ ಒಂದು ಗಂಟೆ ಹಳೇ ಸಿನಿಮಾಗಳ ತುಣುಕು ತೋರಿಸಿ ತೋರಿಸಿ ಈಥನ್ ಎಂಥ ಮಹಾತ್ಮ ಅಂತ ಹೇಳುತ್ತಲೇ ಇರುತ್ತಾರೆ. ಗೆಲ್ಲರ್ ಇದ್ದಿದ್ದರೆ ಎದ್ದು ಹೊರಗೆ ಹೋಗುತ್ತಿದ್ದರು. ಆದರೆ ಅದರಲ್ಲಿ ವಿಲಿಯಂ ಡನ್‌ಲೋ ಇದ್ದಾನೆ, ಆ ಒಬ್ಬನಿಗಾಗಿ ನಾನು ಉಳಿದದ್ದನ್ನು ಮಾಫಿ ಮಾಡಿದೆ. ಸಿನಿಮಾ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು.

ಡನ್‌ಲೋ ಅಂದರೆ ಲ್ಯಾಂಗ್ಲಿಯ ಆ ಬೆಳ್ಳಗಿನ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಪಾಪದ ಮನುಷ್ಯ. ಕಾಫಿಯಲ್ಲಿ ಏನೋ ಬೆರೆಸಿ ಅವನಿಗೆ ವಾಂತಿ ಬರಿಸುತ್ತಾರೆ, ಅವನು ಬಾತ್‌ರೂಮಿಗೆ ಓಡಿದಾಗ ಕ್ರೂಸ್ ಇಳಿಯುತ್ತಾನೆ. ವಾಪಸ್ ಬಂದವನಿಗೆ ಕಾಣುವುದು ಟೇಬಲ್ಲಿಗೆ ನಾಟಿಕೊಂಡ ಒಂದು ಚಾಕು. ಮೇಲಧಿಕಾರಿ ಅವನನ್ನು ಅಲಾಸ್ಕಾಕ್ಕೆ ಎತ್ತಂಗಡಿ ಮಾಡುತ್ತಾನೆ. 1996ರಲ್ಲಿ ಅದು ಒಂದು ಜೋಕು. ಥಿಯೇಟರ್ ನಕ್ಕಿತು, ಅವನನ್ನು ಮರೆಯಿತು.

29 ವರ್ಷ ಆದಮೇಲೆ ಅದೇ ನಟ ರೋಲ್ಫ್ ಸ್ಯಾಕ್ಸನ್ ಅದೇ ಪಾತ್ರವಾಗಿ ಬರುತ್ತಾರೆ. ತಲೆ ನರೆತಿದೆ. ಎಲ್ಲೋ ಹಿಮದ ದ್ವೀಪದಲ್ಲಿ, ಅಲ್ಲಿನ ಹೆಂಗಸೊಬ್ಬಳನ್ನು ಮದುವೆಯಾಗಿ ನೆಮ್ಮದಿಯಾಗಿದ್ದಾನೆ. ಸಿಟ್ಟಿಲ್ಲ. ನೀವು ಕದಿಯದಿದ್ದರೆ ನಾನಿಲ್ಲಿಗೆ ಬರುತ್ತಿರಲಿಲ್ಲ, ಇವಳು ಸಿಗುತ್ತಿರಲಿಲ್ಲ ಅನ್ನುವ ಧಾಟಿಯಲ್ಲಿ ಮಾತಾಡುತ್ತಾನೆ. ಆ ಚಾಕುವನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಟೀಮಿನ ಜೊತೆ ಹೊರಡುತ್ತಾನೆ, ಕಡೆಗೆ ಬಾಂಬಿನ ಮುಂದೆಯೂ ಕೂರುತ್ತಾನೆ. 171 ಕಂತಿನ ಸೀರಿಯಲ್ಲಿನಲ್ಲಿ ಇಂಥವರು ಎಷ್ಟು ಜನ ಬಂದುಹೋದರೋ! ಪ್ರಜ್ಞೆ ತಪ್ಪಿಸಿ ಬಟ್ಟೆ ಕದ್ದ ಕಾವಲುಗಾರ, ಸುಳ್ಳು ಫೋನ್ ನಂಬಿದ ಗುಮಾಸ್ತ, ಗೇಟು ತೆಗೆದ ಸೈನಿಕ. ಮರುದಿನ ಅವರ ಕೆಲಸ ಉಳಿಯಿತೋ, ತಲೆ ಉಳಿಯಿತೋ ಅಂತ ಅಲ್ಲಿ ಯಾರೂ ವಿಚಾರಿಸಲಿಲ್ಲ. ಸಿನಿಮಾದವರೂ ತಲೆ ಕೆಡಿಸಿಕೊಳ್ಳಲು ಮೂರು ದಶಕ ತೆಗೆದುಕೊಂಡರು, ಅದೂ ಒಬ್ಬನ ವಿಷಯದಲ್ಲಿ.